ಸೋಮವಾರ ರಜಾ!

ಕಳೆದ ವರ್ಷ ಅಮ್ಮ ಶಿವಮೊಗ್ಗದಿಂದ ಆರು ತಿಂಗಳಿಗೆಂದು ಬಂದಿದ್ದಳು. "ಮಾಲುಗಳನ್ನ ಸುತ್ತಿ ಸಾಕಾಯ್ತು ಕಣೋ, ಒಳ್ಳೇ ಚಿತ್ರಗಳಿರೋ ಕಡೆ ಕರ್ಕೊಂಡು ಹೋಗು" ಎಂದಳು. ಸರಿ, ಒಂದು ಸೋಮವಾರ ರಜೆ ಹಾಕಿ, ಒಂದೂವರೆ ಗಂಟೆ ಕಾರು ಓಡಿಸಿ ಒಂದು ಕಲಾ ಮ್ಯೂಸಿಯಂ ತಲುಪಿದೆವು. ಬಾಗಿಲಲ್ಲಿ ಬೋರ್ಡು ನೇತಾಡುತ್ತಿತ್ತು: ಸೋಮವಾರ ರಜಾ!

"ದಿನವಿಡೀ ಕಂಪ್ಯೂಟರ್ ಮುಂದೇನೇ ಕೂತಿರ್ತೀಯ, ಹೊರಡೋ ಮುಂಚೆ ನೋಡ್ಲಿಲ್ವೇನೋ?"

ನೋಡಿದ್ದೆ, ಅದೇ ನನ್ನ ಗೋಳು! ಅವರ ಜಾಲತಾಣ ತೆರೆದರೆ ಪರದೆ ತುಂಬ ಒಂದು ಚಿತ್ರ. ಕಣ್ಣಿಟ್ಟು ನೋಡುವಷ್ಟರಲ್ಲಿ ಅದು ಸರಿದು ಇನ್ನೊಂದು. ತೆರೆಯುವ ವೇಳೆ ಮೂರನೆಯ ಪುಟದ ತಳದಲ್ಲಿತ್ತು. ರಜೆಯ ದಿನವನ್ನು ಬಿಳಿಯ ಮೇಲೆ ಮಾಸಲು ಬೂದು ಬಣ್ಣದಲ್ಲಿ ಬರೆದಿದ್ದರು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕೆಂದು ಡಬ್ಲ್ಯುಥ್ರೀಸಿ ಸಂಸ್ಥೆ 2008ರಲ್ಲೇ ಹೇಳಿದೆ. ಇಂಥ ಪುಟಗಳನ್ನು ಮಾಡಿಯೇ ಅನ್ನ ತಿನ್ನುವ ನಾನೇ ಮೋಸ ಹೋಗಿದ್ದೆ!

ಆ ರಾತ್ರಿ ಅಮ್ಮನ ಸಮಾಧಾನಕ್ಕೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತಾಣ ತೆರೆದೆ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರವನ್ನು ಅವರು 8,439 ಫೋಟೋಗಳಾಗಿ ತೆಗೆದು, ಜೋಡಿಸಿ, 2022ರಲ್ಲಿ ಎಲ್ಲರಿಗೂ ಬಿಟ್ಟಿದ್ದಾರೆ. ಒತ್ತಿದರೆ ಹತ್ತಿರ ಬರುತ್ತದೆ, ಇನ್ನೂ ಒತ್ತಿದರೆ ಬಣ್ಣದ ಬಿರುಕೂ ಕಾಣುತ್ತದೆ. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಆದರೂ ಅವಳೇ ಮೌಸು ಹಿಡಿದಳು.

"ಅಯ್ಯೋ, ಈ ಹುಡುಗಿ ಸೊಂಟಕ್ಕೆ ಕೋಳಿ ಕಟ್ಕೊಂಡಿದಾಳಲ್ಲೋ!"

ಆ ಕೋಳಿಯ ಉಗುರು ಚಿತ್ರದಲ್ಲಿರುವ ಬಂದೂಕು ಪಡೆಯ ಲಾಂಛನ ಎಂದು ವಿವರಿಸಿದೆ. ಗಂಟೆ ಹನ್ನೊಂದಾದರೂ ಅಮ್ಮ ಏಳಲಿಲ್ಲ.

ಕಲಾ ಮ್ಯೂಸಿಯಂನ ಜಾಲತಾಣ ತಾನೇ ಒಂದು ಕಲಾಕೃತಿಯಾಗಬೇಕಿಲ್ಲ. ಬಾಗಿಲು ತೆರೆದು "ಬನ್ನಿ" ಎನ್ನುವ ಮನೆಯಾಕೆಯಂತಿದ್ದರೆ ಸಾಕು. ಇವತ್ತು ತೆರೆದಿದೆಯೇ, ಗಾಲಿಕುರ್ಚಿ ಸಿಗುತ್ತದೆಯೇ ಎಂಬುದು ಮೊದಲ ಪುಟದಲ್ಲೇ ಕಾಣಲಿ. ಕಣ್ಣು ಕಾಣದವರ ಕಂಪ್ಯೂಟರ್ ಓದಿ ಹೇಳುವಂತೆ ಪ್ರತಿ ಚಿತ್ರಕ್ಕೂ ಎರಡು ಸಾಲಿನ ವಿವರಣೆಯಿರಲಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಹುಡುಕಿಕೊಡಲಿ. (ನಮ್ಮ ಸಂಘದ ತಾಣದಲ್ಲಿ ಯುಗಾದಿ ಊಟ ಎಷ್ಟು ಗಂಟೆಗೆಂದು ಹುಡುಕಿ ಸೋತವರೂ ಇದನ್ನು ಒಪ್ಪಿಯಾರು!)

ಆ ಮ್ಯೂಸಿಯಂಗೆ ಮತ್ತೆ ಹೋಗಲಾಗಲಿಲ್ಲ. ಅಮ್ಮನ ಮಂಡಿನೋವು ಜಾಸ್ತಿಯಾಯಿತು, ಊರಿಗೆ ಹೊರಡುವ ದಿನವೂ ಬಂತು. "ಇನ್ನೊಂದ್ಸಲ ಬಂದಾಗ ನೋಡಿದ್ರಾಯ್ತು" ಎಂದಳು. ಆ ಇನ್ನೊಂದು ಸಲ ಬರುವುದು ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು.

ಮೊನ್ನೆ ಶಿವಮೊಗ್ಗದಿಂದ ಫೋನು. "ಆ ಚಿತ್ರದಲ್ಲಿ ಬಲಗಡೆ ಕೆಳಗೆ ಒಂದು ನಾಯೀನೂ ಇದೆ ಕಣೋ. ತಮಟೆ ಹೊಡೆಯೋನನ್ನ ನೋಡಿ ಬೊಗಳ್ತಿದೆ. ನೀನು ನೋಡಿದ್ಯಾ?"

ನಾನು ನೋಡಿರಲಿಲ್ಲ.