ಆರೈಕೆ ಮಾಡುವವರಿಗೂ ಆರೈಕೆ ಬೇಕು

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಹಗುರ ಮಾತು ಎಷ್ಟೋ ಮನೆಗಳಲ್ಲಿ ಒಂದು ರೋಗವನ್ನು ಮರೆಮಾಡಿದೆ. ರೋಗಿಯ ಬಳಿಯಲ್ಲಿರುವ ಇನ್ನೊಂದು ಜೀವದ ದುಃಖವನ್ನೂ ಮರೆಮಾಡಿದೆ. ಆ ಎರಡನೆಯದರ ಕಡೆಗೆ ನಮ್ಮ ತರುಣ ವಾಚಕರ ಗಮನ ಸೆಳೆಯಬಯಸುತ್ತೇವೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿ, ಜೋಳ ಬೆಳೆಯುವ ನಾಡು. ಇಲ್ಲಿಂದ ದುಡಿಮೆಗಾಗಿ ಮಕ್ಕಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ತೆರಳಿದ ಮನೆಗಳಲ್ಲಿ ಉಳಿಯುವವರು ಮುತ್ಯಾ ಮತ್ತು ಆಯಿ. ಅಂಥದೊಂದು ಮನೆಯಲ್ಲಿ ಮುತ್ಯಾನಿಗೆ ಮರೆವು ಬಂದಿದೆಯೆಂದು ಊಹಿಸಿರಿ. ಆಗತಾನೆ ರೊಟ್ಟಿ ಉಂಡವರು ಮತ್ತೆ ಊಟ ಕೇಳುತ್ತಾರೆ. ನಡುರಾತ್ರಿ ಎದ್ದು ಹೊಲಕ್ಕೆ ಹೊರಡುತ್ತಾರೆ. ನಲವತ್ತು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯನ್ನೇ ‘ನೀನು ಯಾರು?’ ಎನ್ನುತ್ತಾರೆ. ಇದು ಹಟವಲ್ಲ, ಮುಪ್ಪಿನ ಸಹಜ ಧರ್ಮವೂ ಅಲ್ಲ. ಮಿದುಳಿನ ನರಕೋಶಗಳು ಕ್ರಮೇಣ ನಾಶವಾಗುವುದರಿಂದ ಬರುವ ಡಿಮೆನ್ಶಿಯ. ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಜನರಿಗೆ ಇದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಈ ಬಗೆಯ ವ್ಯಾಧಿಗಳಲ್ಲಿ ಮುಖ್ಯವಾದುದಕ್ಕೆ ಜರ್ಮನಿಯ ವೈದ್ಯ ಆಲ್ಜೈಮರ್ ಅವರ ಹೆಸರಿದೆ. 1901ರಲ್ಲಿ ಅವರು ಪರೀಕ್ಷಿಸಿದ ಆಗಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯ ರೋಗವು ಮೊದಲು ತೋರಿಕೊಂಡುದು ಗಂಡನ ಮೇಲಿನ ಅಕಾರಣ ಸಂಶಯದ ರೂಪದಲ್ಲಿ. ಆಕೆ 1906ರಲ್ಲಿ ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ಗಂಡನ ಮನಸ್ಸು ಏನಾಗಿತ್ತೆಂಬುದನ್ನು ನೋಡಲು ಯಾವ ಸೂಕ್ಷ್ಮದರ್ಶಕವೂ ಇರಲಿಲ್ಲ.

ಅಂಥ ಮನಸ್ಸಿನ ಭಾರವನ್ನು ಅಳೆಯುವ ಕೆಲಸವನ್ನು ವಿಜ್ಞಾನ ಬಹಳ ತಡವಾಗಿ ಕೈಗೊಂಡಿತು. 1995ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಡಿಮೆನ್ಶಿಯ ಬಂದ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನಲ್ಲಿ 3.5 ಮಿಲಿಮೀಟರಿನ ಸಣ್ಣ ಗಾಯವನ್ನು ಮಾಡಲಾಯಿತು. ಅಂಥ ಹೊಣೆಯಿಲ್ಲದ ಸಮವಯಸ್ಕರಿಗಿಂತ ಇವರ ಗಾಯ ಮಾಯಲು ಸುಮಾರು ಒಂಬತ್ತು ದಿನ ಹೆಚ್ಚು ಹಿಡಿಯಿತು. ದೀರ್ಘಕಾಲದ ಚಿಂತೆ ದೇಹದ ರಕ್ಷಣಾಶಕ್ತಿಯನ್ನೇ ಕುಗ್ಗಿಸುತ್ತದೆ. ಮನಸ್ಸಿನ ನೋವು ಬರಿಯ ಮನಸ್ಸಿನದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ?

ಗಂಡಹೆಂಡಿರಲ್ಲಿ ಈ ನೋವು ಇಮ್ಮಡಿ. ಕಷ್ಟ ಬಂದಾಗ ಯಾರ ಬಳಿ ಹೇಳಿಕೊಳ್ಳುತ್ತಿದ್ದರೋ ಅವರೇ ಎದುರಿಗಿದ್ದೂ ಇಲ್ಲವಾಗಿರುತ್ತಾರೆ. ತೀರಿಹೋದವರಿಗಾಗಿ ಅಳಲು ಊರೇ ಜೊತೆಗೂಡುತ್ತದೆ; ಬದುಕಿರುವವರಿಗಾಗಿ ಅಳುವವರ ಜೊತೆಗೆ ಯಾರೂ ಇರುವುದಿಲ್ಲ. ಒಮ್ಮೆ ಸಿಟ್ಟಿನಿಂದ ಗದರಿದ ಆಯಿ ಆಮೇಲೆ ತಾನು ಪಾಪ ಮಾಡಿದೆನೆಂದು ಒಳಗೊಳಗೇ ಬೇಯುತ್ತಾಳೆ. ‘ಸೇವೆಯೇ ಧರ್ಮ’ ಎಂದು ಹೊಗಳಿ ಆಕೆಯನ್ನು ಒಂಟಿಯಾಗಿ ಬಿಡುವುದು ಸರಿಯಲ್ಲವೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ದಣಿವು ಪ್ರೀತಿಯ ಕೊರತೆಯಲ್ಲ. ಹೆಂಡತಿಯನ್ನು ನೋಡಿಕೊಳ್ಳುವ ಗಂಡನಿಗೂ ಈ ಮಾತು ಸಲ್ಲುತ್ತದೆ.

ರಾಜ್ಯ ಸರಕಾರ 2014ರಲ್ಲಿ ಆರಂಭಿಸಿದ ‘ಮನೋಚೈತನ್ಯ’ ಕಾರ್ಯಕ್ರಮದ ಉದ್ದೇಶ ಮನೋವೈದ್ಯರ ಸೇವೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಮುಟ್ಟಿಸುವುದು. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ನ 14416 ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಆದರೆ ರೋಗಿಯನ್ನು ಪರೀಕ್ಷಿಸುವ ವೈದ್ಯರು ಪಕ್ಕದಲ್ಲಿ ಕುಳಿತವರನ್ನೂ ‘ನಿಮಗೆ ನಿದ್ರೆ ಬರುತ್ತಿದೆಯೆ?’ ಎಂದು ಕೇಳುವುದು ವಾಡಿಕೆಯಾಗಬೇಕು.

ವಿದ್ಯಾರ್ಥಿಗಳು ಮಾಡಬಹುದಾದುದೂ ಉಂಟು. ವಾರಕ್ಕೆ ಎರಡು ಸಲ, ಎರಡೆರಡು ಗಂಟೆ, ಮುತ್ಯಾನ ಬಳಿ ಕುಳಿತು ಅವರ ಹಳೆಯ ಮಾತುಗಳನ್ನು ಕೇಳಿರಿ. ಆಯಿ ಸಂತೆಗೆ ಹೋಗಲಿ, ಗುಡಿಗೆ ಹೋಗಲಿ, ಸುಮ್ಮನೆ ಮಲಗಲಿ. ಮುತ್ಯಾ ತಪ್ಪು ಹೇಳಿದರೆ ತಿದ್ದಲು ಹೋಗಬೇಡಿರಿ. ಕಳೆದುಹೋದ ನೆನಪನ್ನು ಮರಳಿಸುವ ಔಷಧ ಇಂದಿಗೂ ಇಲ್ಲ. ಆದರೆ ಆಯಿಗೆ ಎರಡು ಗಂಟೆಯ ಬಿಡುವು ಕೊಡಲು ನಾವು ಯಾವ ಸಂಶೋಧನೆಗೂ ಕಾಯಬೇಕಾಗಿಲ್ಲ.