ಬೀದಿಯ ನಾಯಿ ಯಾರ ಹೊಣೆ?

ನಮ್ಮ ಪಟ್ಟಣಗಳ ಯಾವ ಬೀದಿಯಲ್ಲಿ ನಿಂತು ನೋಡಿದರೂ ಕಣ್ಣಿಗೆ ಬೀಳುವ ನೋಟವೊಂದುಂಟು. ಪಕ್ಕೆಲುಬುಗಳನ್ನು ಎಣಿಸಬಹುದಾದಷ್ಟು ಬಡವಾದ, ಕಜ್ಜಿಯಿಂದ ಕೂದಲುದುರಿ ಚರ್ಮ ಬಿರಿದ, ಕಿವಿಗಳ ತುಂಬ ಉಣ್ಣೆ ಕಚ್ಚಿದ ನಾಯಿಯೊಂದು ಅಂಗಡಿಯ ಜಗಲಿಯ ಕೆಳಗೆ ಮುದುಡಿ ಮಲಗಿರುತ್ತದೆ. ಅದರ ಕೊರಳಲ್ಲಿ ಹಳೆಯ ಪಟ್ಟಿಯೊಂದು ಉಳಿದಿದ್ದರೆ, ಅದು ಬೀದಿಯಲ್ಲಿ ಹುಟ್ಟಿದ್ದಲ್ಲ, ಯಾವುದೋ ಮನೆಯವರು ಅಕ್ಕರೆಯಿಂದ ತಂದು, ಬೇಸರ ಬಂದಾಗ ಹೊರದೂಡಿದ್ದು ಎಂಬುದೂ ಗೊತ್ತಾಗುತ್ತದೆ. ಹಾದುಹೋಗುವವರಲ್ಲಿ ಒಬ್ಬನು ಕಲ್ಲೆಸೆಯುತ್ತಾನೆ. ಇನ್ನೊಬ್ಬನು ಬಿಸ್ಕತ್ತೊಂದನ್ನೆಸೆದು ಪುಣ್ಯ ಬಂತೆಂದು ಮುಂದೆ ಹೋಗುತ್ತಾನೆ. ನೂರರಲ್ಲಿ ಒಬ್ಬನು ಮಾತ್ರ ನಿಂತು, ಅದನ್ನು ಎತ್ತಿಕೊಂಡು ಹೋಗಿ, ಬದುಕಿಸುವ ಕಷ್ಟವನ್ನು ಮೈಮೇಲೆ ಹಾಕಿಕೊಳ್ಳುತ್ತಾನೆ. ಈ ಮೂರನೆಯವನ ಕೆಲಸವನ್ನು ಕುರಿತು, ಆ ಕೆಲಸವು ಅವನೊಬ್ಬನ ಪಾಲಿಗೇ ಬಿದ್ದಿರುವುದರ ಅನ್ಯಾಯವನ್ನು ಕುರಿತು, ಇಂದು ನಮ್ಮ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ದಯೆಯೆಂಬುದು ಒಂದು ಗಳಿಗೆಯ ಮನಸ್ಸಿನ ಕರಗುವಿಕೆಯೆಂದು ಹಲವರು ತಿಳಿದಿದ್ದಾರೆ. ಹಸಿದು ಸೊರಗಿದ ನಾಯಿಯನ್ನು ಮನೆಗೆ ತಂದವನಿಗೆ ಅದು ತಿಂಗಳುಗಳ ದುಡಿಮೆಯೆಂಬುದು ಮೊದಲನೆಯ ದಿನವೇ ಅರಿವಾಗುತ್ತದೆ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಹೊಟ್ಟೆತುಂಬ ಉಣಬಡಿಸಿದರೆ ಅದೇ ವಿಷವಾಗಬಹುದು. ರಕ್ತದಲ್ಲಿನ ಲವಣಾಂಶಗಳು ತಟ್ಟನೆ ಏರುಪೇರಾಗಿ ಹೃದಯವೇ ನಿಲ್ಲುವುದುಂಟು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡುಗಡೆಯಾದ ಮನುಷ್ಯರ ವಿಷಯದಲ್ಲಿ ವೈದ್ಯರು ಕಂಡುಕೊಂಡ ಈ ಸತ್ಯವು ನಾಯಿಗೂ ಸಲ್ಲುತ್ತದೆ. ಆದುದರಿಂದ ಮೆತ್ತಗೆ ಬೇಯಿಸಿದ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ನಾಲ್ಕೈದು ಸಲ ಕೊಟ್ಟು, ದಿನದಿಂದ ದಿನಕ್ಕೆ ಪ್ರಮಾಣವನ್ನು ಹೆಚ್ಚಿಸತಕ್ಕದ್ದು. ಶುದ್ಧವಾದ ನೀರು ಸದಾ ಕೈಗೆಟುಕುವಂತಿರತಕ್ಕದ್ದು.

ಅನಂತರದ್ದು ರೋಗದ ಮಾತು. ಕಜ್ಜಿಯು ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳಿಂದ ಬರುವ ವ್ಯಾಧಿ. ಅದರಲ್ಲಿ ಒಂದು ಬಗೆಯು ಆರೈಕೆ ಮಾಡುವವರ ಮೈಗೂ ಹತ್ತಿ ತುರಿಕೆಯನ್ನುಂಟುಮಾಡುತ್ತದೆ. ಉಣ್ಣೆಗಳು ರಕ್ತವನ್ನು ಹೀರುವುದಷ್ಟೇ ಅಲ್ಲದೆ ರಕ್ತದೊಳಕ್ಕೆ ಜ್ವರದ ಬೀಜವನ್ನೂ ಬಿತ್ತುತ್ತವೆ. ಇಂತಹ ನಾಯಿಯ ಮೈಗೆ ಸೀಮೆಎಣ್ಣೆಯನ್ನೋ ಯಂತ್ರದ ಹಳೆಯ ಎಣ್ಣೆಯನ್ನೋ ಬಳಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಅದು ಚರ್ಮವನ್ನು ಸುಡುತ್ತದೆ; ನೆಕ್ಕಿದರೆ ಒಡಲನ್ನೂ ಕೆಡಿಸುತ್ತದೆ. ಮನುಷ್ಯರ ನೋವಿನ ಗುಳಿಗೆಗಳನ್ನು ನಾಯಿಗೆ ನುಂಗಿಸುವುದೂ ಅಪಾಯಕರವೇ. ಪಶುವೈದ್ಯರು ಚರ್ಮವನ್ನು ಕೆರೆದು ಪರೀಕ್ಷಿಸಿ ಕೊಡುವ ಔಷಧವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ತಪ್ಪದೆ ಕೊಡಬೇಕಾಗುತ್ತದೆ. ಹುಳು ಬಿದ್ದ ಗಾಯವಿದ್ದರಂತೂ ದಿನವೂ ತೊಳೆದು ಕಟ್ಟಬೇಕು.

ದೇಹದ ಗಾಯಕ್ಕಿಂತ ಮನಸ್ಸಿನ ಗಾಯವು ಮಾಯುವುದು ತಡ. ಏಟು ತಿಂದ ನಾಯಿಯು ಎತ್ತಿದ ಕೈಯನ್ನೆಲ್ಲ ಹೊಡೆಯುವ ಕೈಯೆಂದೇ ಭಾವಿಸುತ್ತದೆ. ಅದನ್ನು ಬಲವಂತವಾಗಿ ತಬ್ಬಿ ಮುದ್ದಿಸುವುದರಿಂದ ಭಯವು ಹೆಚ್ಚೀತಲ್ಲದೆ ಕಡಮೆಯಾಗದು. ಹತ್ತಿರದಲ್ಲಿ ಸುಮ್ಮನೆ ಕುಳಿತು, ಹೊತ್ತಿಗೆ ಸರಿಯಾಗಿ ಅನ್ನವಿಕ್ಕಿ, ಅದಾಗಿಯೇ ಬರುವವರೆಗೆ ಕಾಯುವವನಿಗೆ ಮಾತ್ರ ಅದು ಒಲಿಯುತ್ತದೆ. ಹೀಗೆ ಒಲಿದ ದಿನ ಅದರ ಬಾಲವು ಮೊದಲ ಬಾರಿಗೆ ಅಲ್ಲಾಡುವುದನ್ನು ಕಂಡವರಿಗೆ ಬೇರೆ ಬಹುಮಾನವು ಬೇಕಾಗದೆಂದು ನಾವು ಬಲ್ಲೆವು.

ಈ ಪ್ರಾಣಿಯೊಡನೆ ನಮ್ಮ ನಾಡಿಗಿರುವ ನಂಟು ನಿನ್ನೆ ಮೊನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವನ್ನು ಬಲ್ಲವರು ಹಲವರಿರಬಹುದು. ಕ್ರಿ. ಶ. 949-50ರ ಆ ಕಲ್ಲು ತಕ್ಕೋಲದ ರಣರಂಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ಗೆದ್ದುದನ್ನು ಹೇಳುತ್ತದೆ. ಅದರೊಡನೆಯೇ ಒಂದು ನಾಯಿಯ ಕಥೆಯನ್ನೂ ಹೇಳುತ್ತದೆ. ಗಂಗರ ಬೂತುಗನ ಭಟನಾದ ಮಣಲೇರನು, ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಿಂದ ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯು ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಮಡಿಯಲು, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟರು. ಸಾಮ್ರಾಜ್ಯಗಳ ಜಯಾಪಜಯಗಳ ಪಕ್ಕದಲ್ಲಿ ನಾಯಿಯೊಂದರ ಹೆಸರನ್ನು ಕೆತ್ತಿಸುವಷ್ಟು ಹೃದಯವೈಶಾಲ್ಯವು ಸಾವಿರ ವರ್ಷಗಳ ಹಿಂದಿನ ಕನ್ನಡಿಗನಿಗಿತ್ತು.

ಮಹಾಭಾರತವನ್ನೂ ನೆನೆಯಬಹುದು. ಆದಿಪರ್ವದಲ್ಲಿ ಜನಮೇಜಯನ ತಮ್ಮಂದಿರು ಯಜ್ಞಶಾಲೆಗೆ ಬಂದ ನಾಯಿಮರಿಯನ್ನು ನಿಷ್ಕಾರಣವಾಗಿ ಹೊಡೆದಾಗ, ತಾಯಿಯಾದ ಸರಮೆಯು ಬಂದು, ತಪ್ಪೇನೆಂದು ಕೇಳುತ್ತಾಳೆ. ರಾಜಪುತ್ರರಲ್ಲಿ ಉತ್ತರವಿಲ್ಲ, ಅವಳ ಶಾಪವು ಅರಮನೆಯನ್ನೇ ನಡುಗಿಸುತ್ತದೆ. ಕಥೆಯ ಕೊನೆಯಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲೊಲ್ಲೆನೆನ್ನುತ್ತಾನೆ. ನಂಬಿದ ಪ್ರಾಣಿಯನ್ನು ಕೈಬಿಡುವುದು ಅಧರ್ಮವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಕೆ?

ಆದರೆ ಪುರಾಣದ ಗೌರವವೊಂದರಿಂದಲೇ ಬೀದಿಯ ಪ್ರಶ್ನೆಯು ಬಗೆಹರಿಯುವುದಿಲ್ಲ. 1926ರಲ್ಲಿ ಅಹಮದಾಬಾದಿನ ಗಿರಣಿಯೊಂದರ ಆವರಣದಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಿದ ಸಂಗತಿಯು ದೊಡ್ಡ ವಾದಕ್ಕೆ ಎಡೆಗೊಟ್ಟಿತು. ಗಾಂಧೀಜಿಯವರು ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಆ ಕುರಿತು ಲೇಖನಮಾಲೆಯನ್ನೇ ಬರೆದರು. ಒಡೆಯರಿಲ್ಲದ ನಾಯಿಗಳು ಅಲೆಯುತ್ತಿರುವುದು ಸಮಾಜದ ನಾಚಿಕೆಗೇಡೆಂದೂ, ತುತ್ತೊಂದನ್ನು ಎಸೆದು ಹೊಣೆಯನ್ನು ಕಳೆದುಕೊಂಡೆವೆಂದು ತಿಳಿಯುವುದು ದಯೆಯಲ್ಲವೆಂದೂ ಅವರ ಮತವಾಗಿತ್ತು. ಅನಿವಾರ್ಯವಾದಲ್ಲಿ ಕೊಲ್ಲಬಹುದೆಂಬ ಅವರ ತೀರ್ಮಾನವನ್ನು ಆಗಲೇ ಹಲವರು ಒಪ್ಪಲಿಲ್ಲ. ಇಂದು ನಾವೂ ಒಪ್ಪಬೇಕಾದ ಅಗತ್ಯವಿಲ್ಲ. ನಾಯಿಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕುವ, ಶಸ್ತ್ರಕ್ರಿಯೆಯಿಂದ ಸಂತಾನವನ್ನು ತಡೆಯುವ ಏರ್ಪಾಡು ಆಗ ನಮ್ಮ ದೇಶದಲ್ಲಿರಲಿಲ್ಲ, ಇಂದು ಇದೆ. ಆದರೆ ಸಾಕುವುದಾದರೆ ಪೂರ್ಣವಾಗಿ ಸಾಕಬೇಕು, ಇಲ್ಲವೆ ಸಾಕುವ ಸಂಸ್ಥೆಗಳನ್ನು ಪೋಷಿಸಬೇಕು ಎಂಬ ಅವರ ಮೂಲವಾದವು ಇಂದಿಗೂ ಅಲ್ಲಗಳೆಯಲಾರದ್ದು.

ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಪತ್ರಿಕಾಧರ್ಮವಾಗದು. ಹುಚ್ಚುನಾಯಿಯ ಕಡಿತದಿಂದ ಬರುವ ರೇಬೀಸ್ ರೋಗಕ್ಕೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಬಲಿಯಾಗುತ್ತಾರೆಂದು ಅಂದಾಜುಮಾಡಲಾಗಿದ್ದು, ಅವರಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ ನಮ್ಮ ದೇಶದವರೆಂದು ಎಣಿಸಲಾಗಿದೆ. ಅವರಲ್ಲಿ ಮಕ್ಕಳ, ಅದರಲ್ಲಿಯೂ ಬಡವರ ಮಕ್ಕಳ, ಸಂಖ್ಯೆ ದೊಡ್ಡದು. ಲಕ್ಷಣಗಳು ಕಾಣಿಸಿದ ಮೇಲೆ ಈ ರೋಗದಿಂದ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಆದರೆ ಪ್ಯಾಸ್ಟರ್ ಪಂಡಿತನು 1885ರಲ್ಲಿಯೇ ಲಸಿಕೆಯ ದಾರಿಯನ್ನು ತೋರಿಸಿಕೊಟ್ಟಿದ್ದಾನೆ. 1907ರಿಂದ ನೆರೆಯ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆಯು ನಿಂತಿದೆ. ಕಚ್ಚಿಸಿಕೊಂಡವರು ಗಾಯಕ್ಕೆ ಸುಣ್ಣವನ್ನೋ ಮೆಣಸಿನ ಪುಡಿಯನ್ನೋ ಮೆತ್ತದೆ, ಹರಿಯುವ ನೀರಿನಲ್ಲಿ ಸಾಬೂನಿನಿಂದ 15 ನಿಮಿಷಗಳ ಕಾಲ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ, ಹೇಳಿದಷ್ಟು ಚುಚ್ಚುಮದ್ದುಗಳನ್ನೂ ಪೂರೈಸಿದರೆ ಪ್ರಾಣವು ಉಳಿಯುತ್ತದೆ. ನಾಯಿಗಳ ಆರೈಕೆಗೆ ಇಳಿಯುವವರು ಮುಂಚಿತವಾಗಿಯೇ ಲಸಿಕೆಯನ್ನು ಪಡೆದಿರುವುದು ವಿವೇಕ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಪ್ರಾಣಿದಯೆಯನ್ನು ಬೋಧಿಸುವುದು ಸುಲಭವಲ್ಲ, ಬೋಧಿಸಲೂ ಬಾರದು. ಅವಳಿಗೆ ಕೊಡಬೇಕಾದ ಉತ್ತರವು ಕೆಲಸದ ರೂಪದಲ್ಲಿರಬೇಕು.

ಆ ಕೆಲಸವು ಯಾವುದೆಂಬುದೂ ಗುಟ್ಟಲ್ಲ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯನ್ನು ಹಾಕಿ, ವರ್ಷ ವರ್ಷವೂ ಆ ಪ್ರಮಾಣವನ್ನು ಉಳಿಸಿಕೊಂಡು ಬಂದರೆ ರೋಗದ ಸರಪಳಿಯು ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. 2030ರೊಳಗೆ ನಾಯಿಗಳಿಂದ ಮನುಷ್ಯರಿಗೆ ತಗಲುವ ರೇಬೀಸಿನ ಸಾವುಗಳನ್ನು ಇಲ್ಲವಾಗಿಸಬೇಕೆಂಬುದು ನಮ್ಮ ದೇಶವೂ ಒಪ್ಪಿಕೊಂಡ ಗುರಿ. 2001ರ ನಿಯಮಗಳೂ, ಅವುಗಳಿಗೆ ಬದಲಾಗಿ ಬಂದ 2023ರ ನಿಯಮಗಳೂ, ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಕ್ರಿಯೆಯನ್ನೂ ಲಸಿಕೆಯನ್ನೂ ಒದಗಿಸುವ ಹೊಣೆಯನ್ನು ಪುರಸಭೆ, ನಗರಸಭೆ, ಪಂಚಾಯತಿಗಳ ಮೇಲೆಯೇ ಹೊರಿಸಿವೆ. 2025ರ ಆಗಸ್ಟ್ 11ರಂದು ದಿಲ್ಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ಅದೇ ತಿಂಗಳ 22ರಂದು ಅದನ್ನು ತಿದ್ದಿ, ಹುಚ್ಚು ಹಿಡಿದವನ್ನೂ ಮೈಮೇಲೆ ಬೀಳುವವನ್ನೂ ಹೊರತು ಉಳಿದವನ್ನು ಚಿಕಿತ್ಸೆಯ ಬಳಿಕ ಮೊದಲಿದ್ದ ಸ್ಥಳಕ್ಕೇ ಬಿಡಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವುಮಾಡಬೇಕೆಂದು ದೇಶಕ್ಕೆಲ್ಲ ಆದೇಶಿಸಿತು. ಸ್ಥಳೀಯ ಸಂಸ್ಥೆಗಳು ಇಪ್ಪತ್ತು ವರ್ಷಗಳಿಂದ ತಮ್ಮ ಕರ್ತವ್ಯವನ್ನು ನಿಯಮದಂತೆ ನಡೆಸಿದ್ದರೆ ಅತ್ಯುನ್ನತ ನ್ಯಾಯಪೀಠವು ಬೀದಿನಾಯಿಗಳ ಲೆಕ್ಕವನ್ನು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ.

ಪ್ರಯತ್ನಕ್ಕೆ ಫಲವಿಲ್ಲವೆಂದು ಯಾರೂ ಹೇಳಲಾರರು. ಬೆಂಗಳೂರಿನಲ್ಲಿ 2019ರ ಎಣಿಕೆಯಲ್ಲಿ ಸುಮಾರು 3 ಲಕ್ಷ 10 ಸಾವಿರವಿದ್ದ ಬೀದಿನಾಯಿಗಳು 2023ರ ಎಣಿಕೆಯಲ್ಲಿ ಸುಮಾರು 2 ಲಕ್ಷ 79 ಸಾವಿರಕ್ಕೆ ಇಳಿದಿದ್ದವು. ರಾಜಧಾನಿಯಲ್ಲಿ ಸಾಧ್ಯವಾದದ್ದು ಜಿಲ್ಲಾ ಪಟ್ಟಣಗಳಲ್ಲಿ ಏಕೆ ಸಾಧ್ಯವಾಗಬಾರದು? ಬೇಕಾದದ್ದು ಒಂದು ಶಸ್ತ್ರಕ್ರಿಯಾ ಕೊಠಡಿ, ತರಬೇತಿ ಹೊಂದಿದ ಪಶುವೈದ್ಯರು, ನಾಯಿಗಳನ್ನು ನೋವಾಗದಂತೆ ಹಿಡಿಯಬಲ್ಲ ನೌಕರರು, ಮತ್ತು ವರ್ಷದ ಆಯವ್ಯಯದಲ್ಲಿ ಇದಕ್ಕೆಂದೇ ಮೀಸಲಾದ ಹಣ. ಇದರೊಡನೆ ಬೀದಿಯ ಮೂಲೆಗಳಲ್ಲಿ ಕಸವು ರಾಶಿಬೀಳುವುದನ್ನು ತಪ್ಪಿಸಬೇಕು. ಕೊಳೆತ ಅನ್ನವೂ ಮಾಂಸದಂಗಡಿಯ ತ್ಯಾಜ್ಯವೂ ಇರುವಲ್ಲಿ ನಾಯಿಗಳ ಹಿಂಡು ಸೇರದೆ ಇರಲಾರದು.

ಸಾಕಿದವರ ಅಪರಾಧವನ್ನೂ ಇಲ್ಲಿ ಹೇಳಲೇಬೇಕು. ಮರಿಯು ಮುದ್ದಾಗಿರುವಾಗ ಸಾವಿರಾರು ರೂಪಾಯಿ ಕೊಟ್ಟು ತಂದು, ಮುದಿಯಾದಾಗಲೋ ರೋಗ ಬಂದಾಗಲೋ ಊರಾಚೆ ಬಿಟ್ಟುಬರುವವರು ಅಶಿಕ್ಷಿತರಲ್ಲ. ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹೂಡಿದ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣ ಶಾಸನವು, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ತ್ಯಜಿಸುವುದನ್ನು ಅಪರಾಧವೆಂದಿದೆ. ಆದರೆ ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10 ರೂಪಾಯಿಗಳಿಂದ 50 ರೂಪಾಯಿಗಳವರೆಗೆ! ಅಂದು ಆ ಮೊತ್ತಕ್ಕೆ ಬೆಲೆಯಿತ್ತು. ಇಂದು ಅದು ಒಂದು ಹೊತ್ತಿನ ಉಪಾಹಾರಕ್ಕೂ ಸಾಲದು. ದಂಡವನ್ನು ಏರಿಸುವ ಕರಡನ್ನು ಕೇಂದ್ರ ಸರಕಾರವು 2022ರಲ್ಲಿ ಪ್ರಕಟಿಸಿತ್ತು. ಕರಡುಗಳಿಂದ ಯಾವ ಪ್ರಾಣಿಯೂ ಬದುಕುವುದಿಲ್ಲ. ಸಂಸತ್ತಿನ ನಮ್ಮ ಪ್ರತಿನಿಧಿಗಳು ಈ ವಿಷಯದಲ್ಲಿ ಬಾಯಿ ತೆರೆಯಬೇಕೆಂದು ನಾವು ಕೇಳುತ್ತೇವೆ.

ಜೀವಿಗಳಲ್ಲಿ ದಯೆಯಿಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿಯೇ ಸೇರಿದೆ. ಕರ್ತವ್ಯವೆಂದ ಮೇಲೆ ಅದು ಕೆಲವೇ ಕೋಮಲಹೃದಯರ ಖಯಾಲಿಯಾಗಿ ಉಳಿಯಲಾಗದು. ತಮ್ಮ ಸಂಬಳದಲ್ಲಿ ಉಳಿಸಿದ ಹಣದಿಂದ ಗಾಯಗೊಂಡ ನಾಯಿಗೆ ಔಷಧ ತರುವ ಗುಮಾಸ್ತನನ್ನೂ, ಹಿತ್ತಿಲಲ್ಲಿ ಅದಕ್ಕೆ ಜಾಗ ಕೊಟ್ಟು ನೆರೆಹೊರೆಯವರ ಬೈಗುಳವನ್ನು ಸಹಿಸುವ ಗೃಹಿಣಿಯನ್ನೂ ನಾವು ಮನಸಾರೆ ಗೌರವಿಸುತ್ತೇವೆ. ಅವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಕೈಗೆತ್ತಿಕೊಂಡ ಪ್ರಾಣಿಗೆ ಲಸಿಕೆಯನ್ನೂ ಸಂತಾನಹರಣ ಶಸ್ತ್ರಕ್ರಿಯೆಯನ್ನೂ ಮಾಡಿಸದೆ ಬಿಡಬೇಡಿರಿ, ಸಾಧ್ಯವಾದರೆ ಅದಕ್ಕೊಂದು ಮನೆಯನ್ನು ಹುಡುಕಿಕೊಡಿರಿ. ನೆರೆಯವರಲ್ಲಿ ನಮ್ಮ ವಿಜ್ಞಾಪನೆ: ಇಂಥವರಿಗೆ ನೆರವಾಗಲಾರದಿದ್ದರೆ ಅಡ್ಡಿಯನ್ನಾದರೂ ಮಾಡಬೇಡಿರಿ. ಅಧಿಕಾರಿಗಳಲ್ಲಿ ನಮ್ಮ ಆಗ್ರಹ: ನಿಮ್ಮ ಊರಿನಲ್ಲಿ ಕಳೆದ ವರ್ಷ ಎಷ್ಟು ನಾಯಿಗಳಿಗೆ ಲಸಿಕೆ ಹಾಕಲಾಯಿತು, ಎಷ್ಟಕ್ಕೆ ಶಸ್ತ್ರಕ್ರಿಯೆಯಾಯಿತು, ಎಷ್ಟು ಹಣ ವೆಚ್ಚವಾಯಿತು ಎಂಬ ಲೆಕ್ಕವನ್ನು ಕಚೇರಿಯ ಬಾಗಿಲಿನಲ್ಲಿ ಎಲ್ಲರೂ ಓದುವಂತೆ ಅಂಟಿಸಿರಿ. ಆ ಹಲಗೆಯು ಬರಿದಾಗಿದ್ದರೆ, ಬೀದಿಯಲ್ಲಿ ನರಳುವ ನಾಯಿಗೂ ಕಚ್ಚಿಸಿಕೊಂಡು ಅಳುವ ಮಗುವಿಗೂ ಉತ್ತರ ಹೇಳಬೇಕಾದವರು ಯಾರೆಂಬುದು ಊರಿಗೆಲ್ಲ ತಿಳಿಯಲಿ.