ಮೂಕವಾದ ಪೆಟ್ಟಿಗೆ ಸತ್ತಿಲ್ಲ

ಅಂತರಘಟ್ಟೆಯ ಜಾತ್ರೆಗೆ ಗಾಡಿ ಹೂಡುವ ರೈತನು ಅಚ್ಚು ಮುರಿಯಿತೆಂದು ಗಾಡಿಯನ್ನೇ ಎಸೆಯುವುದಿಲ್ಲ. ಆದರೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ದನಿಯನ್ನು ಮನೆಗೆ ತಂದ ಹಳೆಯ ರೇಡಿಯೋಗ್ರಾಂ ಪೆಟ್ಟಿಗೆ ಚಾಲೂ ಆಗದಿದ್ದರೆ ಗುಜರಿಗೆ ಸೇರುತ್ತದೆ. ಇದು ಸಲ್ಲದು.

ದೋಷವು ಅನೇಕ ವೇಳೆ ಫ್ಯೂಸು, ಸ್ವಿಚ್ಚು, ಇಲಿ ಕಡಿದ ತಂತಿ ಅಥವಾ ಕೆಟ್ಟ ಕೆಪಾಸಿಟರಿನಲ್ಲಿರುತ್ತದೆ. ಪ್ಲಗ್ ಕಿತ್ತ ಬಳಿಕವೂ ಕೆಪಾಸಿಟರು ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು. ಆದುದರಿಂದ ಒಳಭಾಗವನ್ನು ಬಲ್ಲವರೇ ಮುಟ್ಟಬೇಕು. ಅನುಭವಿ ರಿಪೇರಿಗಾರನು ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ ಹರಿಸುತ್ತಾನೆ. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಷಾರ್ಟ್ ಇದೆಯೆಂದರ್ಥ.

ಹಳೆಯ ಬೆಸುಗೆಯಲ್ಲಿ ಸೀಸವಿದೆ. ತಾಮ್ರದಾಸೆಗೆ ಪೆಟ್ಟಿಗೆಯನ್ನು ಬಯಲಿನಲ್ಲಿ ಸುಟ್ಟರೆ ಆ ವಿಷ ಹೊಲದ ಮಣ್ಣಿಗೆ ಸೇರುತ್ತದೆ. ಆದುದರಿಂದ ರಿಪೇರಿಯ ವಿದ್ಯೆಯನ್ನು ಉಳಿಸುವುದೂ ಪರಿಸರ ರಕ್ಷಣೆಯೇ. ಆ ವಿದ್ಯೆಯನ್ನು ವಿದ್ಯಾರ್ಥಿಗಳು ಊರಿನ ರಿಪೇರಿಗಾರನ ಬಳಿ ಕುಳಿತು ಕಲಿಯಲಿ.